ಎಡದಿಂದ ಬಲಕ್ಕೆ

ನಮ್ಮಪ್ಪ ಸರ್ಕಾರಿ ಫೋಟೋಗ್ರಾಫರು. ‘ಸರ್ಕಾರಿ’ ಎನ್ನುವಾಗ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಬೀದಿಯಲ್ಲಿ ಸ್ಟುಡಿಯೋ ಇಟ್ಟುಕೊಂಡವರನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೆ. “ಅವರು ಮುಖ ತೆಗೀತಾರೆ, ನಾನು ಘಟನೆ ತೆಗೀತೀನಿ” ಅನ್ನುತ್ತಿದ್ದ. ಘಟನೆ ಎಂದರೆ ಮಂತ್ರಿ ರಿಬ್ಬನ್ ಕತ್ತರಿಸುವುದು, ಮಂತ್ರಿ ಕಲ್ಲಿನ ಮೇಲಿನ ಪರದೆ ಸರಿಸುವುದು, ಮಂತ್ರಿ ನಲ್ಲಿ ತಿರುಗಿಸಿ ನೀರು ಬಂದದ್ದಕ್ಕೆ ತಾನೇ ಬೆರಗಾಗುವುದು. ಮಂತ್ರಿಗಳು ಬದಲಾದರು, ಕತ್ತರಿ ಮಾತ್ರ ಇಲಾಖೆಯದ್ದೇ, ಅದೇ ಒಂದು. ಇಂಥವನ್ನು ತೆಗೆಯುತ್ತ ತೆಗೆಯುತ್ತ ಅಪ್ಪನ ತಲೆಗೂದಲು ಬೆಳ್ಳಗಾಯಿತು.

ಪ್ರತಿ ಚಿತ್ರದ ಕೆಳಗೂ ಒಂದು ಸಾಲು ಬರಬೇಕಿತ್ತು. ‘ಎಡದಿಂದ ಬಲಕ್ಕೆ: ಮಾನ್ಯ ಮಂತ್ರಿಗಳು, ಕಾರ್ಯದರ್ಶಿಗಳು, ಮುಖ್ಯ ಇಂಜಿನಿಯರು’ ಎಂದು. ಆ ಸಾಲನ್ನು ಹೇಳಿ ಬರೆಸುವವನು ಅಪ್ಪನೇ. ಒಂದು ಹೆಸರು ಹಿಂದೆಮುಂದೆ ಆದರೆ ಮಾರನೆಯ ದಿನ ಕಚೇರಿಯಲ್ಲಿ ರಾದ್ಧಾಂತ. ಹಾಗಾಗಿ ಎಡ ಬಲ ಎನ್ನುವುದು ಅಪ್ಪನ ರಕ್ತಕ್ಕೇ ಇಳಿದಿತ್ತು. ಪಕ್ಕದ ಮನೆಗೆ ಹೊಸಬರು ಬಂದಾಗ ನಮ್ಮನ್ನು ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿ, “ಎಡದಿಂದ: ನನ್ನ ಹೆಂಡತಿ, ಮಗಳು, ಮಗ” ಎಂದು ಪರಿಚಯ ಮಾಡಿಕೊಟ್ಟ ಭೂಪ ಅವನು. ಅವರು ನಗು ತಡೆಯಲಾಗದೆ ಒಳಗೆ ಓಡಿಹೋದರು.

ಅವನ ಎಡ ಯಾವಾಗಲೂ ಕ್ಯಾಮೆರಾದ ಎಡ. ಸಮಾರಂಭದಲ್ಲಿ “ಸರ್, ಸ್ವಲ್ಪ ಎಡಕ್ಕೆ ಬನ್ನಿ” ಅಂದರೆ ಹಳಬರು ತಮ್ಮ ಬಲಕ್ಕೆ ಸರಿಯುತ್ತಿದ್ದರು. ಹೊಸ ಅಧಿಕಾರಿಗಳು ನಿಜವಾಗಿಯೂ ತಮ್ಮ ಎಡಕ್ಕೆ ಸರಿದು ಪಕ್ಕದವರಿಗೆ ಡಿಕ್ಕಿ ಹೊಡೆಯುತ್ತಿದ್ದರು. ಅಪ್ಪನಿಗೆ ಅದರಲ್ಲಿ ತಪ್ಪು ಕಾಣುತ್ತಲೇ ಇರಲಿಲ್ಲ. “ಕಣ್ಣಿರೋದು ನನ್ನ ಕಡೆ. ನಾನು ಎಡ ಅಂದದ್ದೇ ಎಡ” ಅನ್ನುತ್ತಿದ್ದ.

ಕಚೇರಿಯವರು ಅವನಿಗೆ ಫ್ಲ್ಯಾಶಪ್ಪ ಎಂದು ಹೆಸರಿಟ್ಟಿದ್ದರು. ಅದಕ್ಕೂ ಕಾರಣವಿತ್ತು. ಆಗ ರೀಲಿಗೆ ಬರ. ಎಣಿಸಿ ಕೊಡುತ್ತಿದ್ದರು, ಎಣಿಸಿ ವಾಪಸ್ ತೆಗೆದುಕೊಳ್ಳುತ್ತಿದ್ದರು. ಆದರೆ ಸಮಾರಂಭ ಅಂದಮೇಲೆ ಮಂತ್ರಿಯ ಭಾವಮೈದ ಇರುತ್ತಾನೆ, ಭಾವಮೈದನ ಗೆಳೆಯ ಇರುತ್ತಾನೆ, ಶಾಮಿಯಾನ ಹಾಕಿದವನೂ ಇರುತ್ತಾನೆ. ಎಲ್ಲರಿಗೂ ತಮ್ಮದೊಂದು ಫೋಟೋ ಬೇಕು. ಇಲ್ಲ ಅಂದರೆ ಮುಖ ಊದಿಸಿಕೊಳ್ಳುತ್ತಾರೆ. ಅಂಥವರಿಗೆ ಅಪ್ಪ ಖಾಲಿ ಫ್ಲ್ಯಾಶ್ ಹೊಡೆಯುತ್ತಿದ್ದ. ಕ್ಯಾಮೆರಾ ಎತ್ತುವುದು, ಒಂದು ಕಣ್ಣು ಮುಚ್ಚುವುದು, “ರೆಡಿ” ಅನ್ನುವುದು, ಬೆಳಕು ಮಾತ್ರ ಹಾರಿಸುವುದು. ರೀಲು ಒಂದು ಕೂದಲೆಳೆಯಷ್ಟೂ ಮುಂದೆ ಹೋಗುತ್ತಿರಲಿಲ್ಲ. ಅವರು ತಲೆ ಬಾಚಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ನಿಂತು, ಬೆಳಕು ಬಿದ್ದೊಡನೆ ಖುಷಿಯಾಗಿ ಹೋಗುತ್ತಿದ್ದರು. ಬಹಳ ಮಂದಿ ಆಮೇಲೆ ಫೋಟೋ ಕೇಳುತ್ತಲೂ ಇರಲಿಲ್ಲ. ಕೇಳಿದವರಿಗೆ “ತೊಳೆಯೋದಕ್ಕೆ ಹೋಗಿದೆ” ಎಂಬ ಉತ್ತರ ಸಿದ್ಧವಿತ್ತು.

ನಮಗೂ ಅದೇ ಖಾಲಿ ಫ್ಲ್ಯಾಶೇ ಗತಿ.

ನನ್ನ ಅಣ್ಣನನ್ನು ಅಮ್ಮ ದೊರೆ ಎಂದು ಕರೆಯುತ್ತಿದ್ದಳು. ಕೂತಲ್ಲಿಗೇ ಎಲ್ಲ ಬರಬೇಕು, ಯಾರ ಮಾತೂ ಕೇಳಬೇಕಾಗಿಲ್ಲ, ಅಂಥ ದೊರೆ. ಅವನಿಗೆ ಮಾತು ಬರಲಿಲ್ಲ. ಮೀಸೆ ಚಿಗುರಿತು, ದನಿ ಒಡೆಯಿತು, ಬುದ್ಧಿ ಮಾತ್ರ ಅಂಗಳದಲ್ಲೇ ಆಡಿಕೊಂಡು ಉಳಿದುಬಿಟ್ಟಿತು. ಕೆನ್ನೆಯ ಮೇಲೆ ಹುಣಸೆ ಬೀಜದಷ್ಟು ದೊಡ್ಡ ಕಪ್ಪು ಮಚ್ಚೆ. ಸಾಯಂಕಾಲ ಅಪ್ಪನ ಸೈಕಲ್ಲಿನ ಸದ್ದು ಕೇಳಿದರೆ ಸಾಕು, ಹೋಗಿ ಬಾಗಿಲಿಗೆ ನಿಲ್ಲುತ್ತಿದ್ದ. ಅಪ್ಪ ಚೀಲ ಇಳಿಸುವ ಮೊದಲೇ ಒಂದು ಫ್ಲ್ಯಾಶ್ ಹೊಡೆಯಬೇಕು. ಬೆಳಕು ಬಿದ್ದ ಕೂಡಲೇ ದೊರೆ ಎರಡು ಚಪ್ಪಾಳೆ ತಟ್ಟುತ್ತಿದ್ದ. ಆಮೇಲೆ ತಡೆದು, ಬೆಳಕು ಎಲ್ಲಿ ಹೋಯಿತೆಂದು ಸೂರಿನ ಕಡೆ ನೋಡಿ, ಮೂರನೆಯದನ್ನು ತಟ್ಟುತ್ತಿದ್ದ. ಚಟ್ ಚಟ್... ಚಟ್. ಅದಾದ ಮೇಲೆಯೇ ನಮ್ಮ ಮನೆಯಲ್ಲಿ ದೀಪ ಹಾಕುತ್ತಿದ್ದದ್ದು.

“ಒಂದು ಸಲ, ಒಂದೇ ಒಂದು ಸಲ ರೀಲು ಹಾಕಿ ಹೊಡೀರಿ. ನನ್ನ ಮಗನ ಮುಖ ಬೇಡ್ವಾ ನಮಗೆ?” ಎಂದು ಅಮ್ಮ ಕೇಳುತ್ತಿದ್ದಳು.

“ಅದು ಸರ್ಕಾರದ ರೀಲು ಕಣೇ.”

“ಹಾಗಾದ್ರೆ ಸ್ಟುಡಿಯೋಗೆ ಹೋಗೋಣ.”

“ಫೋಟೋಗ್ರಾಫರ ಹೆಂಡ್ತಿ ಸ್ಟುಡಿಯೋಗೆ ಹೋದ್ಲು ಅಂದ್ರೆ ನಾನು ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಹೇಗೆ? ಮುಂದಿನ ತಿಂಗಳು ನಮ್ದೇ ಒಂದು ರೀಲು ತರ್ತೀನಿ, ಇರು.”

ಆ ಮುಂದಿನ ತಿಂಗಳು ಬರಲೇ ಇಲ್ಲ. ಶಾಲೆಯ ಗುಂಪಿನಲ್ಲಿ ನನ್ನದೊಂದು ಫೋಟೋ ಇತ್ತು, ದೊರೆಗೆ ಶಾಲೆಯೇ ಇರಲಿಲ್ಲ. ನೆಂಟರ ಮದುವೆಗಳಿಗೆ ಹೋದಾಗ ಅವನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದೆವು. ಅವನು ಕೂಗಾಡಿದರೆ ನೆಂಟರಿಗೆ ಮುಜುಗರವಂತೆ. ಆ ನೆಂಟರ ಮುಖ ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಅಮ್ಮನಿಗೆ ಮೈಗೆ ಸರಿಯಿಲ್ಲದ ದಿನ ಅಪ್ಪ ದೊರೆಯನ್ನು ಸಮಾರಂಭಕ್ಕೆ ಕರೆದೊಯ್ಯುತ್ತಿದ್ದ. ಅಲ್ಲಿ ಹಿಮ್ಮಡಿಯಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದು, “ದೊರೆ, ಇದನ್ನ ದಾಟಬಾರದು. ದಾಟಿದ್ರೆ ಫೋಟೋದಲ್ಲಿ ಬೀಳ್ತೀಯ, ಸಾಹೇಬ್ರು ಬೈತಾರೆ” ಎನ್ನುತ್ತಿದ್ದ. ಬೇರೆ ಯಾವ ಮಾತನ್ನೂ ಕೇಳದ ದೊರೆ ಇದೊಂದನ್ನು ಕೇಳಿದ. ಗೆರೆಗೆ ಹೆಬ್ಬೆರಳು ತಾಗಿಸಿ ನಿಲ್ಲುತ್ತಿದ್ದ, ಮುಗಿಯುವವರೆಗೂ ಅಲ್ಲಾಡುತ್ತಿರಲಿಲ್ಲ. ಬೆಳಕು ಬಿದ್ದಾಗ ಚಪ್ಪಾಳೆ ತಟ್ಟುವುದು, ಅಷ್ಟೇ. ಸುತ್ತಲಿನವರು ಮಂತ್ರಿಯ ಭಾಷಣಕ್ಕೆಂದು ತಿಳಿದು ತಾವೂ ತಟ್ಟುತ್ತಿದ್ದರು.

ಅಮ್ಮನ ಹೊಟ್ಟೆಯ ಆಪರೇಷನ್ ಆದ ವಾರ ಹೊಳೆಗೆ ಕಟ್ಟಿದ ಹೊಸ ಸೇತುವೆಯ ಉದ್ಘಾಟನೆ ಇತ್ತು. ನನಗೆ ಪರೀಕ್ಷೆ. ಅಪ್ಪ ದೊರೆಯನ್ನು ಕರೆದುಕೊಂಡು ಹೋಗಿ, ನೀರಿನ ಡ್ರಮ್ಮಿನ ಪಕ್ಕ ಗೆರೆ ಎಳೆದು ನಿಲ್ಲಿಸಿದ. ರಿಬ್ಬನ್ ಕತ್ತರಿಸಿದ ಮೇಲೆ ಮಂತ್ರಿಗೆ ಏನು ಹುರುಪು ಬಂತೋ, ಸೇತುವೆಯ ಆಚೆ ತುದಿಯವರೆಗೆ ನಡೆದೇ ಹೋಗುತ್ತೇನೆ ಎಂದರು. ಹಾಗೆ ನಡೆಯುವವರ ಫೋಟೋ ತೆಗೆಯಬೇಕಾದರೆ ಅವರ ಮುಂದೆ ಹಿಮ್ಮುಖವಾಗಿ ಓಡಬೇಕು. ಅಪ್ಪ ಓಡಿದ. ಜನವೆಲ್ಲ ಮಂತ್ರಿಯ ಹಿಂದೆ ನುಗ್ಗಿತು. ಅಪ್ಪ ಆಚೆ ದಡದಿಂದ ತಿರುಗಿ ಬರುವ ಹೊತ್ತಿಗೆ ಡ್ರಮ್ಮು ಮಗುಚಿ ಬಿದ್ದಿತ್ತು. ಗೆರೆ ಇರಲಿಲ್ಲ. ಸಾವಿರ ಚಪ್ಪಲಿ ತುಳಿದ ಮಣ್ಣಿತ್ತು.

“ಗೆರೆ ಇದ್ದಿದ್ರೆ ಅವನು ಇರ್ತಿದ್ದ” ಎಂದು ಅಪ್ಪ ಎಷ್ಟೋ ದಿನ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ.

ಪೊಲೀಸ್ ಠಾಣೆಯಲ್ಲಿ ಮೊದಲು ಕೇಳಿದ್ದೇ ಫೋಟೋ.

“ಇಲ್ಲ ಸರ್” ಅಂದ ಅಪ್ಪ.

“ಮನೇಲಿರುತ್ತಲ್ಲ, ತನ್ನಿ.”

“ಮನೇಲೂ ಇಲ್ಲ.”

ಕಾನ್‌ಸ್ಟೇಬಲ್ ನಕ್ಕುಬಿಟ್ಟ. “ಏನ್ ಫ್ಲ್ಯಾಶಪ್ಪ, ನಮ್ಮ ಇನ್‌ಸ್ಪೆಕ್ಟರ ನಾಯಿದೂ ಫೋಟೋ ತೆಗೆದಿದೀರಿ, ನಿಮ್ಮ ಮಗಂದೇ ಇಲ್ವಾ?” ಅಪ್ಪನ ಮುಖ ನೋಡಿದ ಮೇಲೆ ನಗು ನಿಲ್ಲಿಸಿ ಕಾಗದ ಎಳೆದುಕೊಂಡ. ಪಾಪ, ಅವನಿಗೇನು ಗೊತ್ತು.

ಫೋಟೋ ಇಲ್ಲದ ಮೇಲೆ ಮಾತಿನಲ್ಲೇ ಮುಖ ಕಟ್ಟಿಕೊಡಬೇಕಾಯಿತು. ಎತ್ತರ, ಬಣ್ಣ, ಮಾತು ಬಾರದು. ಗುರುತು? ಮಚ್ಚೆ. ಯಾವ ಕೆನ್ನೆ? ಅಪ್ಪ ಕಣ್ಣು ಮುಚ್ಚಿ ಮಗನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡ. ಎದುರು ನಿಂತು ದಿನಾ ನೋಡಿದ ಮುಖ. “ಎಡಗೆನ್ನೆ” ಅಂದ. ಅದೇ ಎಲ್ಲ ಠಾಣೆಗಳಿಗೂ, ಆಸ್ಪತ್ರೆಗಳಿಗೂ, ಅನಾಥಾಶ್ರಮಗಳಿಗೂ ಹೋಯಿತು.

ಅಮ್ಮ ಹೊಲಿಗೆ ಇನ್ನೂ ಹಸಿಯಿರುವಾಗಲೇ ಆಸ್ಪತ್ರೆಯಿಂದ ಎದ್ದು ಬಂದಳು. ಹೊಟ್ಟೆ ಹಿಡಿದುಕೊಂಡೇ ಠಾಣೆಗೆ ನಡೆದಳು. ಬರೆದುಕೊಂಡದ್ದನ್ನು ಓದಿ ಹೇಳಿದಾಗ, “ಎಡ ಅಲ್ಲ, ಬಲ” ಅಂದಳು.

“ಎಡ ಕಣೇ” ಅಂದ ಅಪ್ಪ.

“ಎಡಗೈ ತಲೆಗಿಟ್ಕೊಂಡು ಮಲಗ್ತಾನೆ. ಮಚ್ಚೆ ಮೇಲಿರುತ್ತೆ. ದಿನಾ ಹೊದಿಕೆ ಹೊದೆಸೋಳು ನಾನು. ಬಲ.”

“ಹೌದು, ಬಲಾನೇ” ಎಂದು ನಾನೂ ಬಾಯಿ ಹಾಕಿದೆ. ಚಿಕ್ಕವರು ಸುಮ್ಮನಿರಬೇಕು ಎಂದು ನನ್ನ ಬಾಯಿ ಮುಚ್ಚಿಸಿದರು. ಇನ್‌ಸ್ಪೆಕ್ಟರ್ ಅಮ್ಮನಿಗೆ ತಾಳ್ಮೆಯಿಂದಲೇ ಹೇಳಿದರು: “ನೋಡಮ್ಮ, ಅವರು ಸರ್ಕಾರಿ ಫೋಟೋಗ್ರಾಫರು. ಮುಖ ನೋಡೋದೇ ಅವರ ಕೆಲಸ. ನಿಮಗೆ ಮೈಯಲ್ಲಿ ಹುಷಾರಿಲ್ಲ, ಮನೆಗೆ ಹೋಗಿ ಮಲಗಿ.” ಎಡ ಹಾಗೇ ಉಳಿಯಿತು. ಆ ತಾಳ್ಮೆಯ ಬದಲು ಬೈದಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ.

ಅಪ್ಪ ಡಾರ್ಕ್‌ರೂಮು ಸೇರಿಕೊಂಡ. ಸೇತುವೆಯ ದಿನದ ನೆಗೆಟಿವ್‌ಗಳನ್ನೆಲ್ಲ ಕೆಂಪು ದೀಪಕ್ಕೆ ಹಿಡಿದು ಭೂತಗನ್ನಡಿಯಲ್ಲಿ ಹುಡುಕಿದ. ಆಮೇಲೆ ಆ ವರ್ಷದವು, ಹಿಂದಿನ ವರ್ಷಗಳವು. ದೊರೆ ಎಷ್ಟೊಂದು ಸಮಾರಂಭಗಳಲ್ಲಿ ಇದ್ದ! ಒಂದರಲ್ಲಾದರೂ ಅಂಚಿಗೆ ಸಿಕ್ಕಿರಬೇಕಲ್ಲ? ಒಂದರಲ್ಲಿ ಮೊಣಕೈ ಸಿಕ್ಕಿತು. ಇನ್ನೊಂದರಲ್ಲಿ ನೆರಳು. ಮತ್ತೊಂದರಲ್ಲಿ ಚಪ್ಪಾಳೆಗೆ ಜೋಡಿಸಿದ ಎರಡು ಅಂಗೈ, ಅದರ ಹಿಂದೆ ಮುಖ ಇರಬೇಕಾದಲ್ಲಿ ಕಾರ್ಯದರ್ಶಿಗಳ ಬೋಳುತಲೆ. ಗೆರೆ ದಾಟಬೇಡ ಎಂದು ಅಪ್ಪ ಅಷ್ಟು ಚೆನ್ನಾಗಿ ಕಲಿಸಿದ್ದ. ಅಂಗೈಗಳ ಚಿತ್ರವನ್ನು ದೊಡ್ಡದು ಮಾಡಿ ತಂದು ಅಮ್ಮನ ಮುಂದಿಟ್ಟ. ಅಮ್ಮ ಅದನ್ನು ಬಹಳ ಹೊತ್ತು ನೋಡಿ, “ಉಗುರು ಕತ್ತರಿಸಬೇಕಿತ್ತು” ಅಂದಳು. ಅದಾದ ಮೇಲೆ ಅವನೊಡನೆ ಮಾತು ಬಿಟ್ಟಳು.

ಮಾತು ಬಿಟ್ಟಳು ಎಂದರೆ ಪೂರ್ತಿ. “ನಿಮ್ಮಪ್ಪನಿಗೆ ಹೇಳು, ಊಟಕ್ಕಿಟ್ಟಿದೆ.” “ನಿಮ್ಮಪ್ಪನಿಗೆ ಹೇಳು, ಛತ್ರಿ ಮರೆತಿದ್ದಾರೆ.” ಅಪ್ಪ ಎದುರಿಗೇ ಕೂತಿರುತ್ತಿದ್ದ. ಇಬ್ಬರ ನಡುವೆ ನಾನು ಅಂಚೆಯವಳಾದೆ. ಒಮ್ಮೊಮ್ಮೆ ರೇಗಿ, “ನೀವೇ ಹೇಳ್ಕೊಳ್ಳಿ, ನನಗೇನು ಸಂಬಳ ಕೊಡ್ತೀರಾ?” ಎಂದು ಕೂಗುತ್ತಿದ್ದೆ. ಇಬ್ಬರೂ ತಲೆ ತಗ್ಗಿಸುತ್ತಿದ್ದರು.

ಅಪ್ಪನಿಗೆ ಒಂದು ಹುಚ್ಚು ಹತ್ತಿತು. ಕೆಲಸಕ್ಕೆಂದು ಯಾವ ಊರಿಗೆ ಹೋದರೂ ಅಲ್ಲಿಯ ಬಸ್ ನಿಲ್ದಾಣ, ರೈಲು ನಿಲ್ದಾಣ, ಸಂತೆಯ ಬಯಲಲ್ಲಿ ನಿಂತು ಖಾಲಿ ಫ್ಲ್ಯಾಶ್ ಹೊಡೆಯುವುದು. ಹೊಡೆದು ಕಿವಿಗೊಟ್ಟು ನಿಲ್ಲುವುದು. ರಜೆಯ ದಿನ ನಾನೂ ಜೊತೆಗೆ ಹೋಗಿದ್ದೇನೆ. ಬೆಳಕು ಹಾರಿದ ಕೂಡಲೇ ಜನ ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಕೂಸಿನ ಮೂಗು ಒರೆಸುತ್ತಿದ್ದರು, “ಇನ್ನೊಂದು ಹೊಡೀರಿ, ಕಣ್ಣು ಮುಚ್ಕೊಂಡ್ಬಿಟ್ಟೆ” ಎಂದು ಗೋಗರೆಯುತ್ತಿದ್ದರು. ಅಪ್ಪ ಇನ್ನೊಂದು ಹೊಡೆಯುತ್ತಿದ್ದ. ಎಲ್ಲಿಂದಲೂ ಚಪ್ಪಾಳೆ ಬರುತ್ತಿರಲಿಲ್ಲ. ಒಮ್ಮೆ ಬಂತು. ಇಬ್ಬರೂ ಓಡಿದೆವು. ಕಡಲೆಕಾಯಿ ಮಾರುವವನು ನೊಣ ಹೊಡೆಯುತ್ತಿದ್ದ.

ಇದಕ್ಕಿಂತ ಕಷ್ಟದ್ದು ಶವಾಗಾರ. ಗುರುತು ಸಿಗದ ಹೆಣ ಬಂದರೆ ಪೊಲೀಸರು ಹೇಳಿಕಳಿಸುತ್ತಿದ್ದರು. ಅಪ್ಪ ಒಬ್ಬನೇ ಹೋಗುತ್ತಿದ್ದ. ಹೋಗಿ ಕೆನ್ನೆ ನೋಡುತ್ತಿದ್ದ, ಬರುತ್ತಿದ್ದ. ಬಂದವನು ಬಚ್ಚಲಲ್ಲಿ ಕೈ ತೊಳೆಯುತ್ತ ನಿಂತರೆ ನೀರಿನ ಸದ್ದು ನಿಲ್ಲುತ್ತಲೇ ಇರಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನನ್ನ ಕಡೆ ನೋಡುವಳು. ನಾನು ಅಪ್ಪನ ಕಡೆ ನೋಡುವೆ. ಅಪ್ಪ ಇಲ್ಲ ಎಂದು ತಲೆಯಾಡಿಸುವನು. ಅಮ್ಮ ಒಳಗೆ ಹೋಗಿ ಒಲೆ ಹಚ್ಚುವಳು. ಮೂರು ವರ್ಷ ನಮ್ಮ ಮನೆ ಹೀಗೆ ನಡೆಯಿತು.

ಅಮ್ಮನ ಸಂಕಟವೇ ಬೇರೆ. ಒಂದು ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದವಳು ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದುಕೊಂಡಳು. “ಮುಖ ಹೋಗ್ತಿದೆ ಕಣೇ. ಕಣ್ಣು ಬರುತ್ತೆ, ಮಚ್ಚೆ ಬರುತ್ತೆ, ಮೂಗು ಬರ್ತಿಲ್ಲ. ಹೆತ್ತೋಳಿಗೆ ಮೂಗು ಮರೆತುಹೋಗುತ್ತಾ?” ನನ್ನ ಮೂಗನ್ನು ಮುಟ್ಟಿ ಮುಟ್ಟಿ ನೋಡಿದಳು. ಹೀಗಿತ್ತಾ, ಇದಕ್ಕಿಂತ ಚೂಪಾ ಎಂದು ಕೇಳಿದಳು. ನನಗೂ ಸರಿಯಾಗಿ ನೆನಪಾಗಲಿಲ್ಲ. ಆ ದಿನ ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ. ನಾಡಿನ ಕಲ್ಲು, ನಲ್ಲಿ, ಕತ್ತರಿಗಳ ಮುಖವೆಲ್ಲ ಇವನ ಹತ್ತಿರ ಭದ್ರವಾಗಿತ್ತು.

ಅಪ್ಪ ನಿವೃತ್ತಿಗೆ ಹತ್ತಿರವಾದ. ಅದೇ ಹೊತ್ತಿಗೆ ದೂರದ ಜಿಲ್ಲೆಯೊಂದರ ಸರ್ಕಾರಿ ಅನಾಥಾಶ್ರಮದ ಹೊಸ ಕಟ್ಟಡದ ಉದ್ಘಾಟನೆ ಬಂತು. ಅಲ್ಲಿ ನಡೆದದ್ದನ್ನು ಅಪ್ಪ ಹೇಳಿದ್ದಷ್ಟೇ ಅಲ್ಲ, ಆಶ್ರಮದ ಮೇಲ್ವಿಚಾರಕರೂ ನನಗೆ ಹೇಳಿದ್ದಾರೆ.

ಅಂಗಳಕ್ಕೆ ಅಡ್ಡಲಾಗಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಅದರ ಆಚೆ ಆಶ್ರಮದವರು, ಎಲ್ಲರಿಗೂ ತಲೆ ಬೋಳಿಸಿ, ಒಂದೇ ಬಗೆಯ ನೀಲಿ ಅಂಗಿ ತೊಡಿಸಿ ಸಾಲಾಗಿ ನಿಲ್ಲಿಸಿದ್ದರು. ಈಚೆ ಮಂತ್ರಿ, ರಿಬ್ಬನ್, ತಟ್ಟೆಯಲ್ಲಿ ಅದೇ ಕತ್ತರಿ. ಅಪ್ಪ ಅಭ್ಯಾಸದಂತೆ ಮೊದಲು ಬೆಳಕು ಸರಿಯಿದೆಯೇ ಎಂದು ನೋಡಲು ಒಂದು ಖಾಲಿ ಫ್ಲ್ಯಾಶ್ ಹೊಡೆದ.

ಬೆನ್ನ ಹಿಂದೆ, ಚಟ್ ಚಟ್.

ಅಪ್ಪ ತಿರುಗಲಿಲ್ಲ. ತಿರುಗಲು ಹೆದರಿಕೆಯಾಯಿತಂತೆ. ಕಡಲೆಕಾಯಿಯವನು ನೆನಪಾದನಂತೆ. ಕತ್ತರಿ ರಿಬ್ಬನ್ನಿಗೆ ತಾಗಿತ್ತು. ಆಗ ಮೂರನೆಯದು ಬಂತು.

ಸಾಲಿನ ತುದಿಯಲ್ಲಿ ಒಬ್ಬ ಬಡಕಲು ಯುವಕ ಬೆಳಕು ಎಲ್ಲಿ ಹೋಯಿತೆಂದು ಆಕಾಶ ನೋಡುತ್ತ ನಿಂತಿದ್ದ. ಮುಂದಿನ ಒಂದು ಹಲ್ಲು ಇರಲಿಲ್ಲ. ಕೆನ್ನೆಯ ಮೇಲೆ ಮಚ್ಚೆ ಇತ್ತು. “ದೊರೇ” ಎಂದು ಅಪ್ಪ ಕೂಗಿದ ಕೂಗಿಗೆ ಮಂತ್ರಿ ಕತ್ತರಿ ಕೆಳಗಿಳಿಸಿದರು. ದೊರೆ ಅಪ್ಪನ ಕಡೆ ನೋಡಿ ಬಾಯ್ತುಂಬ ನಕ್ಕ. ಆದರೆ ಬರಲಿಲ್ಲ. “ಬಾರೋ, ಬಾ, ನಾನು ಕಣೋ” ಎಂದು ಅಪ್ಪ ಎರಡೂ ಕೈ ಚಾಚಿದ. ದೊರೆ ಕೆಳಗೆ ನೋಡಿ, ಗೆರೆಗೆ ಹೆಬ್ಬೆರಳು ತಾಗಿಸಿ, ನೆಟ್ಟಗೆ ನಿಂತುಕೊಂಡ.

“ಏಯ್ ಫ್ಲ್ಯಾಶಪ್ಪ! ತಲೆ ಕೆಟ್ಟಿದೆಯೇನ್ರಿ? ಸಾಹೇಬ್ರು ಕಾಯ್ತಿದ್ದಾರೆ!” ಎಂದು ಅಧಿಕಾರಿ ಚೀರಿದ.

ಅಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಂಡಿಯೂರಿ ಕೂತು ಎರಡು ಅಂಗೈಯಲ್ಲೂ ಸುಣ್ಣ ಒರೆಸತೊಡಗಿದ. ಮಣ್ಣು ಕೆರೆದು, ಊದಿ, ಅಂಗಿಯ ತೋಳಿನಿಂದ ಉಜ್ಜಿ, ಒಬ್ಬ ಮನುಷ್ಯ ಹಾಯುವಷ್ಟು ಜಾಗದಲ್ಲಿ ಗೆರೆ ಇಲ್ಲದ ಹಾಗೆ ಮಾಡಿದ. ಅಲ್ಲಿಂದ ದೊರೆ ಈಚೆಗೆ ಬಂದ. ಅಷ್ಟರಲ್ಲಿ ಪತ್ರಿಕೆಯ ಫೋಟೋಗ್ರಾಫರನೊಬ್ಬ ಒಂದು ಫ್ಲ್ಯಾಶ್ ಹೊಡೆದ. ಅದು ಖಾಲಿಯಾಗಿರಲಿಲ್ಲ.

ಆಮೇಲೆ ಮೇಲ್ವಿಚಾರಕರು ತಮ್ಮ ಕೋಣೆಯಲ್ಲಿ ಅಪ್ಪನಿಗೆ ನೀರು ಕೊಟ್ಟು ಕೂರಿಸಿದರು. “ಇವನು ಇಲ್ಲಿಗೆ ಬಂದು ಮೂರು ವರ್ಷ ಆಯ್ತು. ಲಾರಿಯವರು ಯಾರೋ ಬಿಟ್ಟುಹೋದ್ರು. ನಿಮ್ಮ ಠಾಣೆಯ ಸುದ್ದಿ ಬಂದಾಗ್ಲೇ ನಾವು ತಿಳಿಸಿದ್ವಿ. ‘ಮಚ್ಚೆ ಬಲಕ್ಕಿದ್ರೆ ಅವನಲ್ಲ, ನಾವು ಹುಡುಕ್ತಿರೋನಿಗೆ ಎಡಕ್ಕೆ, ತಂದೆಯೇ ಹೇಳಿದ್ದು’ ಅಂತ ಠಾಣೆಯಿಂದ ಉತ್ತರ ಬಂತು.”

“ಎಡಕ್ಕೇ ಇದೆಯಲ್ಲ, ನೋಡಿ” ಎಂದು ಅಪ್ಪ ಎದುರಿಗೆ ಕೂತ ದೊರೆಯ ಕೆನ್ನೆ ತೋರಿಸಿದ.

ಮೇಲ್ವಿಚಾರಕರು ಅವನ ಬೆರಳು ಹಿಡಿದುಕೊಂಡರು. “ಅದು ನಿಮ್ಮ ಎಡ ಸ್ವಾಮಿ” ಅಂದರು.

ಮಾರನೆಯ ದಿನ ಅಪ್ಪ ಮಗನನ್ನು ಕರೆದುಕೊಂಡು ಬಂದ. ಅಮ್ಮ ದೊರೆಯ ಮುಖವನ್ನು ಎರಡು ಕೈಯಲ್ಲಿ ಹಿಡಿದು ಮೊದಲು ಮೂಗನ್ನು ನೋಡಿದಳು. ಆಮೇಲೆ ಹಲ್ಲಿಲ್ಲದ ಜಾಗ ನೋಡಿದಳು, ಬೆನ್ನಿನ ಮೇಲಿನ ಹಳೆಯ ಬರೆಗಳನ್ನು ನೋಡಿದಳು. ಉಗುರು ಕತ್ತರಿಸಿದಳು. ಆಶ್ರಮದವರು ಹೇಳಿದ ಮಾತನ್ನು ಅಪ್ಪ ಮುಚ್ಚಿಡಲಿಲ್ಲ, ಬಾಗಿಲಲ್ಲೇ ನಿಂತು ಪೂರ್ತಿ ಹೇಳಿದ. ಅಮ್ಮ ಕೇಳಿಸಿಕೊಂಡು, ಮೂರು ವರ್ಷದಲ್ಲಿ ಮೊದಲ ಸಲ ನೇರವಾಗಿ ಅವನನ್ನೇ ಕೇಳಿದಳು.

“ನಾನು ಹೇಳ್ದೆ ಅಲ್ವಾ?”

ಅಪ್ಪ ಅಳುವುದನ್ನು ನಾನು ಅವತ್ತೇ ಮೊದಲು ಕಂಡದ್ದು.

ಇಲಾಖೆ ಅವನನ್ನು ಅಮಾನತು ಮಾಡಿತು. ಮಂತ್ರಿಗಳು ಕತ್ತರಿಯನ್ನು ಎರಡನೆಯ ಸಲ ಎತ್ತಬೇಕಾಗಿ ಬಂದದ್ದು ಸಣ್ಣ ತಪ್ಪಲ್ಲವಂತೆ. ಕ್ಯಾಮೆರಾ, ಫ್ಲ್ಯಾಶು, ಚೀಲ ಎಲ್ಲ ವಾಪಸ್ ಹೋದವು. ಸಾಯಂಕಾಲ ದೊರೆ ಈಗಲೂ ಬಾಗಿಲಿಗೆ ಬಂದು ನಿಲ್ಲುತ್ತಾನೆ. ನಾನು ಟಾರ್ಚು ಹಾಕಿ ಆರಿಸುತ್ತೇನೆ. ಅವನಿಗೆ ಅದು ಅಷ್ಟೇನೂ ಹಿಡಿಸಿಲ್ಲ. ಆದರೂ ನನ್ನ ಮನಸ್ಸು ನೋಯಬಾರದೆಂದೋ ಏನೋ ಒಂದು ಚಪ್ಪಾಳೆ ತಟ್ಟುತ್ತಾನೆ.

ಪತ್ರಿಕೆಯ ಆ ಚಿತ್ರ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಮಂತ್ರಿಯನ್ನೂ ಅಧಿಕಾರಿಗಳನ್ನೂ ಅಮ್ಮ ಕತ್ತರಿಯಿಂದ ಕತ್ತರಿಸಿ ಒಲೆಗೆ ಹಾಕಿದಳು. ಉಳಿದದ್ದು ನಮಗೆ ಬೆನ್ನು ಹಾಕಿ ಮಂಡಿಯೂರಿದ ಅಪ್ಪ ಮತ್ತು ಬೆಳಕನ್ನೇ ನೋಡುತ್ತಿರುವ ದೊರೆ. ನಮ್ಮ ಮನೆಯಲ್ಲಿರುವ ಅವನ ಮುಖದ ಚಿತ್ರ ಅದೊಂದೇ. ಅಪ್ಪ ದಿನಾ ಅದರ ಮುಂದೆ ನಿಂತು ಮಚ್ಚೆ ನೋಡುತ್ತಾನೆ. ಆಮೇಲೆ ಮೆಲ್ಲಗೆ ತಿರುಗಿ, ದೊರೆ ನಿಂತ ಹಾಗೆ ಗೋಡೆಗೆ ಬೆನ್ನು ಕೊಟ್ಟು ನಿಂತು, ಕೈಯೆತ್ತಿ ತನ್ನ ಕೆನ್ನೆ ಮುಟ್ಟಿಕೊಳ್ಳುತ್ತಾನೆ.

“ಬಲ” ಅನ್ನುತ್ತಾನೆ, ಅಮ್ಮನಿಗೆ ಕೇಳುವಷ್ಟು ಗಟ್ಟಿಯಾಗಿ.

ಅಮ್ಮ ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದಿಲ್ಲ. ದೊರೆಯ ತಟ್ಟೆಗೆ ಊಟ ಬಡಿಸುತ್ತಿರುತ್ತಾಳೆ.